ಮೈಕಿಲ್ಲದ ವಿಲಾಪ

ಸತ್ತ ಮಗನ ಮುಂದೆ ಕೂತು ರಾಣಿ ಹಾಡಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಎಪ್ಪತ್ತಮೂರನೇ ಇಸವಿಯ ಬೇಸಿಗೆ, ರಾತ್ರಿಯ ಕರೆಂಟನ್ನು ನೆಚ್ಚುವಂತಿಲ್ಲವೆಂದು ಹೆಗ್ಗನಹಳ್ಳಿಯವರು ನಾಟಕವನ್ನು ಭಾನುವಾರ ಮಧ್ಯಾಹ್ನಕ್ಕೇ ಇಟ್ಟುಕೊಂಡಿದ್ದರು. ಈಗ ಮಧ್ಯಾಹ್ನವೇ ಮೈಕು ಸತ್ತಿತು. ರಾಣಿಯ ಪಾತ್ರಕ್ಕೆಂದು ವಿಜಯನಗರದಿಂದ ಕರೆಸಿದ್ದ ಪಂಕಜಾ, ಬಿಳಿ ಬಟ್ಟೆಯಲ್ಲಿ ಸುತ್ತಿದ ದಿಂಬನ್ನು ಮುಂದೆ ಮಲಗಿಸಿಕೊಂಡು, ರಂಗದ ಅಂಚಿನಲ್ಲಿದ್ದ ಹಾರ್ಮೋನಿಯಂ ಮೇಷ್ಟ್ರ ಕಡೆ ಸ್ವಲ್ಪವೇ ಬಾಗಿದಳು.

"ನಂಜುಂಡಪ್ಪನೋರೇ, ಶ್ರುತಿ ಒಂದು ಮನೆ ಇಳಿಸಿ. ಮೈಕಿಲ್ಲದೆ ಆ ಮೇಲಿನ ಷಡ್ಜ ನನ್ನ ಕೈಲಾಗಲ್ಲ."

"ಇಳಿಸೋಕಾಗಲ್ಲ ಪಂಕಜಮ್ಮ. ನಿಮ್ಮದು ಮುಗೀತಿದ್ದಂಗೇ ರಾಜನ ಹಾಡು. ಆ ವೆಂಕಟಸ್ವಾಮಿಗೆ ಆರು ತಿಂಗಳಿಂದ ಇದೇ ಶ್ರುತೀಲಿ ಉರು ಹೊಡೆಸಿದೀನಿ. ಒಂದು ಮನೆ ಆಚೀಚೆ ಆದ್ರೂ ಹೆಗ್ಗನಹಳ್ಳೀಲಿ ಶುರು ಮಾಡ್ದೋನು ಮಾಗಡೀಲಿ ಹೋಗಿ ನಿಲ್ತಾನೆ."

"ಅವನ ಗಂಟಲಿಗೆ ನಾನು ನನ್ನ ಗಂಟಲು ಹರ್ಕೋಬೇಕಾ?"

"ಅವನು ಮನೆಮನೆ ಸುತ್ತಿ ಚಂದಾ ಎತ್ತಿ ನಾಟಕ ಮಾಡಿಸಿರೋನು. ನೀವು ದುಡ್ಡಿಗೆ ಬಂದೋರು." ಮೇಷ್ಟ್ರು ತಿದಿ ಒತ್ತಿದರು.

ಹಿಂದಿನ ವಾರ ಬ್ಯಾಡರಹಳ್ಳಿಯಲ್ಲಿ ಇದೇ ಸ್ವರ, ಮೈಕು ಇದ್ದೂ, ಎರಡಾಗಿ ಸೀಳಿತ್ತು. ಆ ಸುದ್ದಿ ಅವಳಿಗಿಂತ ಮೊದಲು ಇಲ್ಲಿಗೆ ಬಂದಿತ್ತು. ಇಲ್ಲೂ ಸೀಳಿದರೆ ಮುಂದಿನ ನಾಟಕಕ್ಕೆ ಇನ್ನೊಬ್ಬ ರಾಣಿ ಬರುತ್ತಾಳೆ, ಇವಳಿಗಿಂತ ಚಿಕ್ಕವಳು. ಪಂಕಜಳಿಗೆ ಸಿಕ್ಕರೆ ದಾದಿಯ ಪಾತ್ರ ಸಿಗಬಹುದು. ದಾದಿಗೆ ಹಾಡಿಲ್ಲ.

ಹಾಡು ತಗ್ಗಿನಲ್ಲಿ ಹೊರಟು, ಕೊನೆಗೆ "ಮಗನೇ" ಎಂಬ ಒಂದೇ ಕರೆಯಲ್ಲಿ ಮೇಲಕ್ಕೆ ಹತ್ತಿ, ಅಲ್ಲೇ ನಿಲ್ಲಬೇಕು. ಹತ್ತುವುದು ಅಷ್ಟು ಕಷ್ಟವಲ್ಲ, ನಿಲ್ಲುವುದು ಕಷ್ಟ. ಉಸಿರು ಸಾಲದೆಂದು ಗಂಟಲು ಬಿಗಿದರೆ ದನಿ ಒಡೆಯುತ್ತದೆ. ಹೆದರಿ ಸಡಿಲ ಬಿಟ್ಟರೆ ಸ್ವರ ಜಾರುತ್ತದೆ. ಅಳಬೇಕು, ಆದರೆ ಅಳು ಗಂಟಲಿಗೆ ಬರಕೂಡದು. ಮೊದಲ ಸಾಲುಗಳನ್ನು ಅವಳು ಮುಂದೆ ಕೂತ ಹೆಂಗಸರಿಗಷ್ಟೇ ಕೇಳುವಂತೆ ಹಾಡಿ ದನಿ ಉಳಿಸಿಕೊಂಡಳು. "ರಾಣಿಯಮ್ಮಾ, ಊಟ ಮಾಡಿಲ್ವಾ? ಜೋರಾಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಜೋರು ಮಾಡಲಿಲ್ಲ.

ಆಮೇಲೆ ಸೊಂಟದವರೆಗೆ ಉಸಿರು ತುಂಬಿಕೊಂಡು, ದಿಂಬಿನ ಮೇಲೆ ಬಾಗಿ, ಕರೆದಳು. ದನಿ ಚಪ್ಪರ ದಾಟಿತು, ಶಾಲೆಯ ಗೋಡೆ ದಾಟಿತು, ಆಚೆಯ ಬೋಳು ರಾಗಿ ಹೊಲದ ಮೇಲೆ ಹೋಗಿ ನಿಂತಿತು. ಕಡಲೆಕಾಯಿ ಸುಲಿಯುತ್ತಿದ್ದವರ ಕೈ ನಿಂತವು. ಮುಂದಿನ ಸಾಲಿನಲ್ಲಿ ಮುದುಕಿ ಅಕ್ಕಯ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸ್ವರ ಇಳಿದಾಗ ಪಂಕಜಳ ಬಾಯಲ್ಲಿ ಉಪ್ಪಿನ ರುಚಿ ಇತ್ತು. ಗಂಟಲಲ್ಲಿ ಇದ್ದದ್ದು ಆ ಒಂದು ಕರೆ, ಅದು ಖರ್ಚಾಯಿತು.

"ಒನ್ಸ್ ಮೋರ್! ಒನ್ಸ್ ಮೋರ್!" ಶಿಳ್ಳೆ ಎದ್ದಿತು. ಊರಿನ ದೊಡ್ಡ ಕುಳ ಶಂಭುಲಿಂಗಪ್ಪ ರುಮಾಲು ಸರಿಮಾಡಿಕೊಂಡು ರಂಗ ಹತ್ತಿ ಬೆಳ್ಳಿಯ ಮೆಡಲನ್ನು ಅವಳ ಕೈಗಿತ್ತ. ಮೆಡಲು ಬಂದ ಮೇಲೆ ಹಾಡನ್ನು ಇನ್ನೊಮ್ಮೆ ಹಾಡುವುದು ಪದ್ಧತಿ. ಹಾಡದಿದ್ದರೆ ಕೊಟ್ಟವರಿಗೆ ಅವಮಾನ.

"ಏನು ಕಂಠ ತಾಯಿ! ನಿಂಗ್ಯಾಕೆ ಮೈಕು? ಆ ಕೊನೇದು ಮಾತ್ರ, ಇನ್ನೊಂದು ಸಲ ಆಗ್ಲಿ."

"ಮುಂದಿನ ಸೀನಲ್ಲಿ ಹಾಡ್ತೀನಿ ಅಣ್ಣ."

"ಮುಂದಿನ ಸೀನಲ್ಲಿ ವೆಂಕಟಸ್ವಾಮಿ ಬರ್ತಾನಲ್ಲಮ್ಮ, ಅದಕ್ಕೇ ಈಗ ಕೇಳ್ತಿರೋದು."

ಚಪ್ಪರವೆಲ್ಲ ನಕ್ಕಿತು. ಪರದೆಯ ಹಿಂದಿನಿಂದ ರಾಜ, "ನಗ್ರೋ ನಗ್ರೋ, ಬರ್ತೀನಿ ಇರಿ" ಎಂದ. ಪಂಕಜಾ ನಗಲು ನೋಡಿದಳು, ಕೆಮ್ಮು ಬಂತು. ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿ, ಬೆರಳನ್ನು ಪಕ್ಕದ ಕೀಗೆ ಸರಿಸಿ, ಶ್ರುತಿಯನ್ನು ಒಂದು ಮನೆ ಇಳಿಸಿದರು. ಅದೂ ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ಅವಳು ದಿಂಬಿನ ಬಟ್ಟೆ ಸರಿಮಾಡಿ ಉಸಿರೆಳೆದುಕೊಂಡಳು. ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು.

"ಲೋ ಶಂಭು!"

ಅಕ್ಕಯ್ಯಮ್ಮ ಎದ್ದು ನಿಂತಿದ್ದಳು. ಶಂಭುಲಿಂಗಪ್ಪನ ಒಡಹುಟ್ಟಿದ ಅಕ್ಕ. ಊರಿನಲ್ಲಿ ಅವನನ್ನು ಹಾಗೆ ಕರೆಯುವವಳು ಅವಳೊಬ್ಬಳೇ. ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು.

"ಕೆಳಗಿಳಿಯೋ."

"ಯಾಕಕ್ಕ? ಜನ ಆಸೆಪಡ್ತಾವ್ರೆ. ಇನ್ನೊಂದೇ ಒಂದು ಸಲ..."

"ಆಯಮ್ಮನ ಮಗು ಇನ್ನೂ ಮಣ್ಣಾಗಿಲ್ಲ. ನಿಂಗೋಸ್ಕರ ಅದು ಎಷ್ಟು ಸಲ ಸಾಯ್ಬೇಕೋ?"

ಶಿಳ್ಳೆ ನಿಂತಿತು. ಶಂಭುಲಿಂಗಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮೆಟ್ಟಿಲು ದಿಂಬಿನ ಆಚೆಗಿತ್ತು. ಅವನು ದಿಂಬನ್ನು ದಾಟಲಿಲ್ಲ. ಮಗುವಿನ ಕಾಲ ಕಡೆಯಿಂದ ಸುತ್ತಿಕೊಂಡು ಹೋಗಿ ಇಳಿದ.