ಹಿತ್ತಾಳೆ ಗುಂಡಿನ ಸಾಕ್ಷಿ

ಪೆಟ್ರೋಲ್ ವಾಸನೆ ಬಂದರೆ ಈಗಲೂ ಇಂಗಳೇಶ್ವರದ ನಮ್ಮ ಅಂಗಳ ನೆನಪಾಗುತ್ತದೆ.

ಆಸ್ತಿ ಪಾಲಿನ ಜಗಳದಲ್ಲಿ ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಮಾತು ಬಿಟ್ಟಿದ್ದರು. ಏನೇ ಹೇಳುವುದಿದ್ದರೂ ನಡುವೆ ನಾನು ಬೇಕಿತ್ತು. ಮರುದಿನ ಬಾಗೇವಾಡಿ ಕೋರ್ಟಿನಲ್ಲಿ ಅದೇ ಜಗಳದ ತಾರೀಖು. ಅಪ್ಪನ ಫಟಫಟಿ ಬೈಕಿನ ಕಾರ್ಬೋರೇಟರ್ ನೋಡಿದರೆ ಸೋರುತ್ತಿತ್ತು.

ಕಟ್ಟೆಯ ಮೇಲಿಂದ ಕಾಕಾ ಅಂದ: “ನಿಮ್ಮ ಶ್ಯಾಣ್ಯಾ ಅಪ್ಪಗ ಹೇಳವ್ವಾ, ಒಳಗ ಪೆಟ್ರೋಲಿನ ಮ್ಯಾಲ ತೇಲೋ ಹಿತ್ತಾಳಿ ಗುಂಡು ತೆಗದು ಕಿವಿ ಹತ್ರ ಅಲ್ಲಾಡಸಂತ. ಸಪ್ಪಳ ಬಂದ್ರ ಅದು ತೂತು ಬಿದ್ದು ಒಳಗ ಪೆಟ್ರೋಲ್ ಹೊಕ್ಕೈತಿ, ಬೆಸಗಿ ಹಾಕಬೇಕು.”

ಅಪ್ಪ ಗುಂಡನ್ನು ತೆಗೆದು, ಪ್ರಸಾದ ಹಿಡಿದಷ್ಟು ಭಕ್ತಿಯಿಂದ ಕಿವಿಯ ಹತ್ತಿರ ಅಲ್ಲಾಡಿಸಿದ. ಪಕ್ಕದಲ್ಲಿದ್ದ ನನಗೂ ಗುಳುಗುಳು ಕೇಳಿಸಿತು.

“ಏನೂ ಕೇಳಸಲಿಲ್ಲಂತ ಹೇಳು ನಿಮ್ಮ ಕಾಕಾಗ,” ಎಂದವನೇ ಅದನ್ನು ಹಾಗೇ ಜೋಡಿಸಿದ.

ಮರುದಿನ ಫಟಫಟಿ ಚಾಲೂ ಆಗಲೇ ಇಲ್ಲ; ಕೋರ್ಟಿಗೆ ಹೋಗಲು ಇಬ್ಬರೂ ಒಂದೇ ಬಸ್ಸು ಹತ್ತಿದರು. ಇಬ್ಬರು ಕೂಡುವ ಒಂದೇ ಸೀಟು ಖಾಲಿ ಇತ್ತಂತೆ. ಬಾಗೇವಾಡಿಯ ತನಕ ಇಬ್ಬರೂ ನಿಂತೇ ಹೋದರಂತೆ.