ಮಿಸ್ ಹಿಲ್ಮಾಳ ಸೊಟ್ಟ ಬಾಯಿ

ಶನಿವಾರದ ತರಗತಿ ಮುಗಿಸಿ ಬಂದ ಮಿಸ್ ಹಿಲ್ಮಾ ಚೀಲವನ್ನು ನೆಲಕ್ಕೆ ಬಿಸಾಡಿ ನೇರವಾಗಿ ಅಡುಗೆಮನೆಗೆ ನುಗ್ಗಿದಳು. ಫ್ರಿಜ್ಜಿನ ಬಾಗಿಲು ತೆಗೆದು, ಟೊಮ್ಯಾಟೊ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕುತ್ತಿಗೆಯವರೆಗೂ ತಲೆಯನ್ನು ಒಳಗೆ ತೂರಿಸಿದಳು. ಮೇ ತಿಂಗಳಲ್ಲಿ ನಮ್ಮ ತಬಾಸ್ಕೊ ಸೀಮೆಯಲ್ಲಿ ಒಣಗಲು ಹಾಕಿದ ಬಟ್ಟೆ ಸಂಜೆಗೆ ಇನ್ನಷ್ಟು ಒದ್ದೆಯಾಗಿರುತ್ತದೆ; ಫಿನ್ಲೆಂಡಿನಿಂದ ಇಂಗ್ಲಿಷ್ ಕಲಿಸಲು ಬಂದ ಹುಡುಗಿಯ ಗತಿ ಕೇಳಬೇಕೆ? ಇನ್ನು ಅರ್ಧ ಗಂಟೆಗೆ ರುಬಿಸೆಲ್ ಮೇಷ್ಟ್ರು ವ್ಯಾನು ತರುವವರಿದ್ದರು. ಶಾಲೆಯವರೆಲ್ಲ ಸೇರಿ ಕಡಲಿಗೆ ಹೊರಟಿದ್ದರು. ಇಡೀ ತಿಂಗಳು ಅವಳು ಪಾಠ ಮಾಡಿದ್ದೇ ಆ ಒಂದು ಮುಳುಗಿನ ಆಸೆಯಿಂದ.

“ಅಯ್ಯಯ್ಯೋ, ಮುಚ್ಚೇ ಅದನ್ನ!” ಬಾಗಿಲಲ್ಲಿ ಮನೆಯೊಡತಿ ದೋನ್ಯಾ ತೊಮಾಸಾ ನಿಂತಿದ್ದಳು. “ಬಿಸಿಲಿಂದ ಬಂದಿದ್ದೀಯ, ಮೈ ಕುದೀತಾ ಇದೆ. ಹಾಗೇ ಹೋಗಿ ತಣ್ಣಗಿರೋದಕ್ಕೆ ಮುಖ ಕೊಡ್ತಾರೇನೇ? ಗಾಳಿ ಹೊಡೆಯುತ್ತೆ! ಬಾಯಿ ಸೊಟ್ಟಗಾಗಿ ಕಿವಿ ಪಕ್ಕ ಹೋಗಿ ಕೂರುತ್ತೆ!”

“ನಮ್ಮೂರಲ್ಲಿ ಆವಿ ಕೋಣೇಲಿ ಬೆಂದು, ಹಾಗೇ ಓಡಿಹೋಗಿ ಮಂಜುಗಡ್ಡೆ ಕೆರೆಗೆ ಧುಮುಕ್ತೀವಿ, ದೋನ್ಯಾ,” ಎಂದು ಫ್ರಿಜ್ಜಿನೊಳಗಿಂದ ದನಿ ಬಂತು. “ನಮ್ಮಜ್ಜಿ ಈಗಲೂ ಧುಮುಕ್ತಾಳೆ.”

“ಅದಕ್ಕೇ ನೀನು ತೋರಿಸಿದ ಫೋಟೋದಲ್ಲಿ ಒಬ್ಬರ ಮುಖದಲ್ಲೂ ನಗು ಇಲ್ಲ. ಪಾಪ, ಬಾಯಿ ಅಲ್ಲಾಡಿದ್ರೆ ತಾನೆ! ನಮ್ಮ ಸೋದರಮಾವ ಒಂದೇ ಒಂದು ಸಲ ಇಸ್ತ್ರಿ ಮಾಡಿದ ಕೈಲೇ ಫ್ರಿಜ್ಜು ತೆಗೆದ. ಸಾಯೋವರೆಗೂ ಅವನಿಗೆ ಶಿಳ್ಳೆ ಹಾಕೋಕೆ ಆಗಲಿಲ್ಲ.”

ದಿನಾ ಇದೇ ಪುರಾಣ. ಬೆವರು ಆರುವವರೆಗೆ ಕುರ್ಚಿಯಲ್ಲಿ ಕೂತಿರಬೇಕು, ಆಮೇಲೆ ನೀರು. ಈ ಊರಿನಲ್ಲಿ ಬೆವರು ಆರುವುದು ಡಿಸೆಂಬರಿನಲ್ಲಿ ಅಂತ ಯಾರು ಹೇಳಬೇಕು! ರೋಸಿಹೋಗಿದ್ದ ಹಿಲ್ಮಾಳಿಗೆ ಆಗ ಒಂದು ಕೋತಿಬುದ್ಧಿ ಹುಟ್ಟಿತು. ಮೆಲ್ಲಗೆ ತಲೆ ಹೊರಗೆ ತೆಗೆದು, ಬಾಯನ್ನು ಎಡಕ್ಕೆ ಎಳೆದು, ಒಂದು ಕಣ್ಣು ಮುಚ್ಚಿ, “ದೋ... ನ್ಯಾ...” ಎಂದು ನರಳಿದಳು.

ದೋನ್ಯಾ ತೊಮಾಸಾ ಚೀರಲಿಲ್ಲ. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು, ಕಾಲಲ್ಲಿ ಫ್ರಿಜ್ಜು ಮುಚ್ಚಿದಳು, ಫ್ಯಾನು ಆರಿಸಿದಳು, ಕಿಟಕಿಗಳನ್ನು ಒಂದೊಂದಾಗಿ ಭದ್ರ ಮಾಡಿದಳು. ಹುಡುಗಿಯನ್ನು ಕುರ್ಚಿಗೆ ತಳ್ಳಿ, ಸಾರಾಯಿಯಲ್ಲಿ ನೆನೆಸಿಟ್ಟ ಸೊಪ್ಪನ್ನು ಕೆನ್ನೆಗೆ ತಿಕ್ಕತೊಡಗಿದಳು.

“ತಮಾಷೆಗೆ ಮಾಡಿದೆ, ದೋನ್ಯಾ!” ಹಿಲ್ಮಾ ನಗುತ್ತಾ ಕಿರುಚಿದಳು. “ನೋಡಿ, ಬಾಯಿ ನೆಟ್ಟಗಿದೆ!”

“ನೆಟ್ಟಗಾಯ್ತು ನೋಡು! ಮದ್ದು ಹತ್ತಿತು.”

“ಮದ್ದು ಹಚ್ಚೋಕೆ ಮುಂಚೇನೂ ನೆಟ್ಟಗೇ ಇತ್ತು!”

“ಹಾಗೇ ಅನ್ಸುತ್ತೆ ಮಗಳೇ. ನಮ್ಮ ಮಾವನೂ ಹಾಗೇ ಅಂತಿದ್ದ.”

ಮಾಡಿದ್ದುಣ್ಣೋ ಮಹರಾಯ. ದೋನ್ಯಾ ಕೋಣೆಗೆ ಹೋಗಿ ಹಿಲ್ಮಾಳ ಸೂಟ್‌ಕೇಸಿನ ತಳ ಕೆದಕಿ ದಪ್ಪ ಉಣ್ಣೆಯ ಮಫ್ಲರ್ ಒಂದನ್ನು ಹಿಡಿದು ತಂದಳು. ಮಗಳು ಬೇಡಬೇಡವೆಂದರೂ ಕೇಳದೆ ಅವಳ ತಾಯಿ ಹೆಣೆದು ತುರುಕಿದ್ದು. ಅದು ಈಗ ತಲೆ, ಕಿವಿ, ಗಲ್ಲ ಎಲ್ಲವನ್ನೂ ಸುತ್ತಿ ಬಂತು. ಕೈಗೆ ಬಿಸಿಬಿಸಿ ಜೋಳದ ಗಂಜಿಯೂ ಬಂತು.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಈಜುವ ಚಡ್ಡಿಯಲ್ಲೇ ಒಳಗೆ ಬಂದ ರುಬಿಸೆಲ್ ಮೇಷ್ಟ್ರು ಮಫ್ಲರ್ ನೋಡಿ ಅಲ್ಲೇ ನಿಂತುಬಿಟ್ಟರು.

“ಇವಳಿಗೆ ಗಾಳಿ ಹೊಡೀತು,” ಎಂದಳು ದೋನ್ಯಾ.

“ಸುಳ್ಳು! ಮೇಷ್ಟ್ರೇ, ನೀವಾದ್ರೂ ಹೇಳಿ. ನೀವು ವಿಜ್ಞಾನ ಕಲಿಸೋರು!”

ಮೇಷ್ಟ್ರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. “ಮಿಸ್, ಶಾಲೇಲಿ ನಾನು ವಿಜ್ಞಾನದ ಮೇಷ್ಟ್ರು. ಮನೇಲಿ ನಾನು ನಮ್ಮಮ್ಮನ ಮಗ. ನಿಮ್ಮನ್ನ ಈ ಸ್ಥಿತೀಲಿ ನೀರಿಗಿಳಿಸಿದ್ದು ಗೊತ್ತಾದ್ರೆ ಅವಳು ನನ್ನ ಮನೆಗೆ ಸೇರಿಸಲ್ಲ. ಕಡಲು ಎಲ್ಲೂ ಓಡಿಹೋಗಲ್ಲ, ಬಿಡಿ.” ದೋನ್ಯಾಳ ಕಡೆ ತಿರುಗಿ ಪಿಸುಗುಟ್ಟಿದರು, “ಕಿವಿಗೆ ಹತ್ತಿ ಇಟ್ರಾ?”

“ಅಯ್ಯೋ, ಮರೆತೇ ಹೋಗಿತ್ತು ನೋಡಿ!”

ವ್ಯಾನು ಹೊರಟಿತು. ಅದರ ಹಿಂಬದಿಯಲ್ಲಿಟ್ಟ ತಂಪು ಪಾನೀಯದ ಡಬ್ಬಿಯೊಳಗೆ ಮಂಜುಗಡ್ಡೆ ಗಲಗಲ ಸದ್ದು ಮಾಡುತ್ತಾ ದೂರವಾಗುವುದನ್ನು ಹಿಲ್ಮಾ ಹತ್ತಿ ಇಟ್ಟ ಕಿವಿಯಲ್ಲೂ ಕೇಳಿಸಿಕೊಂಡಳು. ಅವಳಿಗೆ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ಫೋನು ಹಾಡಿತು. ವಾರಕ್ಕೊಮ್ಮೆ ವಿಡಿಯೋದಲ್ಲಿ ಬರುವ ತಾಯಿ! ಹಿಲ್ಮಾಳಿಗೆ ಹೋದ ಜೀವ ಬಂದಂತಾಯಿತು. ಈ ಮುದುಕಿಗೆ ಬುದ್ಧಿ ಹೇಳಲು ಕೊನೆಗೂ ತನ್ನ ಕಡೆಯವರೊಬ್ಬರು ಸಿಕ್ಕರು ಎಂದುಕೊಂಡು ಫೋನನ್ನು ಮುಖದೆದುರು ಹಿಡಿದಳು. ತಾಯಿಯ ಹಿಂದಿನ ಕಿಟಕಿಯಾಚೆ ಬೇಲಿಯ ಬುಡದಲ್ಲಿ ಇನ್ನೂ ಹಿಮ ಬಿದ್ದಿತ್ತು.

ತಾಯಿ ಕಣ್ಣರಳಿಸಿ ನೋಡಿದಳು. “ಹಿಲ್ಮಾ... ನಾನು ಹೆಣೆದ ಮಫ್ಲರ್! ಕೊನೆಗೂ ಹಾಕ್ಕೊಂಡ್ಯಾ!”

“ಅಮ್ಮಾ, ಇಲ್ಲಿ ನಲವತ್ತು ಡಿಗ್ರಿ ಬಿಸಿಲು! ಇವರು ನನ್ನ ಕೊಲ್ತಾ ಇದ್ದಾರೆ!”

“ಹಿಂದೆ ನಿಂತಿದ್ದಾರಲ್ಲ, ಆ ಹೆಂಗಸು ಯಾರು? ಅವರು ಹಾಕಿಸಿದ್ದಾ?” ತಾಯಿ ಕಣ್ಣೊರೆಸಿಕೊಂಡಳು. “ನಾನು ಹೇಳಿದ್ರೆ ಒಂದು ದಿನವಾದ್ರೂ ಕೇಳಿದ್ಯಾ ನೀನು?”

ದೋನ್ಯಾ ತೊಮಾಸಾ ಕೈ ಒರೆಸಿಕೊಂಡು ಫೋನಿನತ್ತ ಬಗ್ಗಿದಳು. ಇವಳ ಮಾತು ಅವಳಿಗೆ ಬಾರದು, ಅವಳ ಮಾತು ಇವಳಿಗೆ ಬಾರದು. ಆ ಕಡೆಯಿಂದ ತಾಯಿ ತನ್ನ ಕುತ್ತಿಗೆಯ ಬಳಿ ಬೆರಳನ್ನು ಒಂದು ಸಲ ಸುತ್ತಿ ತೋರಿಸಿದಳು.

ದೋನ್ಯಾ ತಲೆಯಾಡಿಸಿ, ಮಫ್ಲರನ್ನು ಇನ್ನೂ ಒಂದು ಸುತ್ತು ಬಿಗಿದಳು.