ತಟ್ಟೆ ತುಂಬ ಬೆಳೆದದ್ದು

“ಎರಡು ಟ್ಯೂಬನ್ನೂ ಬೆರಕೆ ಮಾಡಿದ್ದು ಹೆನ್ನಿಂಗ್ ಇರ್ಬೇಕು ಮೇಡಂ,” ಎಂದುಬಿಟ್ಟಳು ವೀಬ್ಕೆ.

ತಟ್ಟೆಯ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸಿರುತ್ತಾರೆ; ಹೊಸ ಜೀನ್ ಸೇರಿಸಿದ ಬ್ಯಾಕ್ಟೀರಿಯಾ ಮಾತ್ರ ಅದನ್ನು ತಡೆದುಕೊಂಡು ಬದುಕಬೇಕು, ಸೇರಿಸದವು ಸಾಯಬೇಕು. ಪ್ರಯೋಗ ಅಷ್ಟೇ. ಆದರೆ ಸೋಮವಾರ ನೋಡಿದರೆ, ಲ್ಯಾಬಿನಲ್ಲಿ ಜೋಡಿಯಾಗಿದ್ದ ವೀಬ್ಕೆ, ಹೆನ್ನಿಂಗ್ ಇಬ್ಬರ ಎರಡೂ ತಟ್ಟೆಗಳಲ್ಲಿ, ಜೀನ್ ಸೇರಿಸಿದ್ದರಲ್ಲೂ ಸೇರಿಸದ್ದರಲ್ಲೂ, ಅಂಚಿನಿಂದ ಅಂಚಿಗೆ ಕೆನೆಗಟ್ಟಿದ ಹಾಗೆ ಬೆಳೆದಿತ್ತು. ಪಕ್ಕದ ಮೇಜಿನವರದೆಲ್ಲ ಸರಿಯಾಗಿತ್ತು.

ಲ್ಯಾಬ್ ಕಲಿಸುವ ಡಾಕ್ಟರ್ ಹಾರ್ಮ್ಸ್ ತಟ್ಟೆಗಳನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. “ಹೌದಾ ಹೆನ್ನಿಂಗ್?” ಎಂದರು, ತಲೆಯೆತ್ತದೆ.

“ಇರಬಹುದು ಮೇಡಂ. ಶುಕ್ರವಾರ ಕೈ ನಡುಗ್ತಿತ್ತು.”

ನಡುಗದೆ ಏನು? ಅದು ಅವನ ಮೂರನೆಯ ಪ್ರಯತ್ನ. ಈ ಸಲವೂ ತಪ್ಪಿದರೆ ಜರ್ಮನಿಯ ಯಾವ ವಿಶ್ವವಿದ್ಯಾಲಯದಲ್ಲೂ ಅವನು ಈ ವಿಷಯ ಓದುವಂತಿರಲಿಲ್ಲ.

ವೀಬ್ಕೆಗೆ ನಿಜ ಗೊತ್ತಿತ್ತು. ಭಾನುವಾರದ ದೋಣಿ ಸವಾರಿಯ ಬಗ್ಗೆ ಹರಟುತ್ತ, ಪಿಪೆಟ್ಟಿನ ತುದಿ ಬದಲಾಯಿಸದೆ ಎರಡೂ ಟ್ಯೂಬಿಗೆ ಅದ್ದಿದ್ದು ಅವಳೇ. ಆಗಲೇ ಗಮನಿಸಿದ್ದಳು, ಸುಮ್ಮನಿದ್ದಳು. ಅಂದು ಇವರಿಬ್ಬರಿಗೆ ತಟ್ಟೆಗಳು ಎರಡು ಕಡಿಮೆ ಬಿದ್ದಾಗ ಹಾರ್ಮ್ಸ್ ಊಟ ಬಿಟ್ಟು ತಾವೇ ಹೊಸದಾಗಿ ಮಾಡಿ ತಂದಿದ್ದರು. ಅಂಥವರ ಮುಂದೆ ಉಡಾಫೆ ಮಾಡಿದೆ ಎಂದು ಹೇಳುವುದು ಹೇಗೆ?

ಬುಧವಾರ ಕ್ಯಾಂಟೀನಿನಲ್ಲಿ ಹೆನ್ನಿಂಗ್ ಬೇಳೆ ಸೂಪಿನ ಬಟ್ಟಲು ಹಿಡಿದು ಎದುರಿಗೆ ಬಂದು ಕೂತ. ಮೂರನೆಯ ಸಲವೂ ಫೇಲಾಗಿ ಲಾಕರ್ ಖಾಲಿ ಮಾಡಿ ಬಂದಿದ್ದ.

“ಮುಂದೇನು?” ಕೇಳಿದಳು.

“ಅಪ್ಪನ ಜೊತೆ ಹೆಂಚು ಹೊದಿಸೋ ಕೆಲಸ. ಚಿಕ್ಕಂದಿನಿಂದ್ಲೂ ಕರೀತಿದ್ರು, ಈಗ ಗೆದ್ರು.” ನಗಲು ನೋಡಿದ. “ನನ್ನಿಂದ ನಿನ್ನ ಅಂಕಾನೂ ಹೋಯ್ತು. ಬೇಜಾರ್ ಮಾಡ್ಕೋಬೇಡ ಕಣೆ.”

ವೀಬ್ಕೆಯ ಮುಖ ಕಿವಿಯವರೆಗೂ ಸುಟ್ಟುಕೊಂಡಂತಾಯಿತು. ಚಮಚ ಕೆಳಗಿಟ್ಟು ಎದ್ದಳು.

ಹಾರ್ಮ್ಸ್ ಕೋಣೆಯಲ್ಲಿ ಕೋಟು ತೊಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮನೆಗೆ ಹೊರಟಿದ್ದಾರೆ ಎಂದುಕೊಂಡ ವೀಬ್ಕೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಪಿಪೆಟ್ಟಿನ ತುದಿ, ಹರಟೆ, ಸುಳ್ಳು. “ಅವನನ್ನ ಉಳಿಸಿ ಮೇಡಂ. ನನ್ನನ್ನ ಬೇಕಾದ್ರೆ ಫೇಲ್ ಮಾಡಿ.”

ಹಾರ್ಮ್ಸ್ ಅವಳ ಮುಖ ನೋಡಲಿಲ್ಲ.

“ತುದಿ ಬದಲಾಯಿಸದೆ ಇದ್ರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬರುತ್ತೆ ವೀಬ್ಕೆ. ತಟ್ಟೆ ತುಂಬ ಬೆಳೆಯಲ್ಲ.”

“ಮತ್ತೆ?”

“ಆ ಎರಡು ತಟ್ಟೆಗೆ ಆಂಟಿಬಯಾಟಿಕ್ ಹಾಕೋದನ್ನೇ ನಾನು ಮರೆತಿದ್ದೆ. ಸೋಮವಾರ ನೋಡಿದ ತಕ್ಷಣ ಗೊತ್ತಾಯ್ತು. ಡೀನ್ ಹತ್ರ ಹೋಗಿ ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಕೋಟು ಹಾಕ್ಕೊಂಡು ಕೂತಿದೀನಿ, ಏಳೋಕೇ ಆಗ್ತಿಲ್ಲ.”